ನಮ್ಮ ಮನೆಯ ಕೋವಿಯ ಬಗ್ಗೆ ಕೇಳಿದಿರಲ್ಲ

ಮೊನ್ನೆ ಜಯನಗರದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ನೀವು ಕೇಳಿದಿರಿ: "ಕೊಡಗಿನಲ್ಲಿ ಮನೆಮನೆಗೂ ಕೋವಿಯಂತೆ, ಲೈಸೆನ್ಸೂ ಬೇಡವಂತೆ. ಮತ್ತೆ ದಿನಕ್ಕೊಂದು ಹೆಣ ಬೀಳುವುದಿಲ್ಲವೇ?" ಕಚೇರಿಗೆ ಹೊತ್ತಾಗಿತ್ತು, ನಕ್ಕು ಎದ್ದು ಬಂದೆ. ಈಗ ಹೇಳುತ್ತೇನೆ.

1959ರ ಶಸ್ತ್ರಾಸ್ತ್ರ ಕಾಯ್ದೆ ಕೊಡಗಿನಲ್ಲೂ ಇದೆ. ಲೈಸೆನ್ಸಿನಿಂದ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಜಮೀನು ಉಳ್ಳವರಿಗೆ, ಮಾತ್ರ. ಬ್ರಿಟಿಷರ ಕಾಲದಿಂದ ಬಂದದ್ದು. ನಮ್ಮದು ಕೇರಳದ ಗಡಿಗೆ ತಾಗಿದ ಕರಿಕೆಯ ಕಡೆಯ, ಕನ್ನಡದ ಉಪಭಾಷೆಯಾದ ಅರೆಭಾಷೆ ಆಡುವವರ ಮನೆ. ಕೊಡವರಲ್ಲದಿದ್ದರೂ ಜಮ್ಮಾ ಜಮೀನಿನ ಬಲದಿಂದ ಕೋವಿ ಉಳಿದಿದೆ. ಈ ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಹಾಗೆಂದು ಇದು ಶಾಶ್ವತವೇನಲ್ಲ, ಕೇಂದ್ರ 2019ರಲ್ಲಿ ಕೊಟ್ಟಿರುವ ಗಡುವು 2029ರ ಅಕ್ಟೋಬರ್‌ವರೆಗೆ.

ಸೆಪ್ಟೆಂಬರಿನಲ್ಲಿ ಆಯುಧ ಪೂಜಿಸುವ ಹಬ್ಬವಾದ ಕೈಲ್ ಮುಹೂರ್ತದ ಬೆಳಿಗ್ಗೆ ದೊಡ್ಡಪ್ಪ ಜೋಡಿ ನಳಿಗೆಯ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಹಳೆಯ ಬನಿಯನ್ ಚೂರಿಗೆ ಎಣ್ಣೆ ಅದ್ದಿ, ಕಡ್ಡಿಗೆ ಸುತ್ತಿ, ನಳಿಗೆಯೊಳಗೆ ಎಳೆಯುತ್ತಾರೆ. ಬಟ್ಟೆ ಕಪ್ಪಾಗದೆ ಹೊರಬರುವವರೆಗೆ ಬಿಡುವುದಿಲ್ಲ. ಬಳಿಕ ದೇವರ ದೀಪದೆದುರು ಇಟ್ಟು ತೋಕ್ ಪೂ ಸಿಕ್ಕಿಸುತ್ತಾರೆ. ನಿಮ್ಮ ಕಡೆ ಅಗ್ನಿಶಿಖೆ ಎನ್ನುವ ಹೂವೇ ಅದು. ಸುಗ್ಗಿ ಹಬ್ಬವಾದ ಪುತ್ತರಿಗೆ ಕದಿರು ಕೊಯ್ಯುವಾಗ ಒಂದು ಈಡು. ಸಾವಾದರೆ ಬೆನ್ನುಬೆನ್ನಿಗೆ ಎರಡು. ಗುಂಡಿನ ಸದ್ದಿಗೆ ನೀವು ಬಾಗಿಲು ಹಾಕಿಕೊಳ್ಳುತ್ತೀರಿ, ನಾವು ಎಣಿಸುತ್ತೇವೆ.

ಆದರೆ ನಮ್ಮವರೆಲ್ಲ ಸಾಧುಗಳೆಂದು ಹೇಳಿದರೆ ಸುಳ್ಳಾಗುತ್ತದೆ. ಹಂದಿಯೆಂದು ಕತ್ತಲಲ್ಲಿ ಹೊಡೆದ ಗುಂಡಿಗೆ ಜೊತೆಗಾರನೇ ಬಿದ್ದದ್ದುಂಟು. ತೋಟದ ಬೇಲಿಯ ಜಗಳ, ಅಣ್ಣತಮ್ಮಂದಿರ ಪಾಲು, ಮೇಲೆ ಸಂಜೆಯ ಕುಡಿತ: ದೊಣ್ಣೆ ಕೈಗೆ ಸಿಕ್ಕಿದ್ದರೆ ಕೈಮುರಿತಕ್ಕೆ ಮುಗಿಯುತ್ತಿದ್ದದ್ದು, ಕೋವಿ ಸಿಕ್ಕಿದ್ದರಿಂದ ಮಸಣಕ್ಕೆ ಹೋಗಿದೆ. ಆದ್ದರಿಂದ ಬಿಗಿ ಕಾನೂನು ವ್ಯರ್ಥ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೋವಿ ಇದ್ದಲ್ಲೆಲ್ಲ ಕೊಲೆಗಡುಕರೇ ಎನ್ನುವ ನಿಮ್ಮ ಮಾತನ್ನೂ ಒಪ್ಪುವುದಿಲ್ಲ. ನಮ್ಮಲ್ಲಿ ಯಾರ ಮನೆಯಲ್ಲಿ ಯಾವ ಕೋವಿ ಇದೆ ಎಂಬುದು ಊರಿಗೇ ಗೊತ್ತು, ಠಾಣೆಗೂ ಗೊತ್ತು. ಗುಂಡು ಹಾರಿದ ಅರ್ಧ ಗಂಟೆಗೆ ಹೆಸರು ಹೊರಗೆ ಬಂದಿರುತ್ತದೆ.

ನಿಮ್ಮ ಬೆಂಗಳೂರನ್ನೇ ನೋಡಿ. ಲೈಸೆನ್ಸಿಗೆ ಅರ್ಜಿ ಹಾಕಿದವನು ಕಾರಣ ಹೇಳಬೇಕು, ಪೊಲೀಸ್ ವರದಿ ಬರಬೇಕು, ತಿಂಗಳುಗಟ್ಟಲೆ ಅಲೆಯಬೇಕು. ರೌಡಿಗೆ ಅದರ ಗೊಡವೆಯೇ ಇಲ್ಲ, ಅವನದು ಮಚ್ಚು, ಲಾಂಗು. ಮನೆಬಳಕೆಯ, ಕೃಷಿಯ ಕತ್ತಿಗೆ ಕಾಯ್ದೆ ಲೈಸೆನ್ಸು ಕೇಳುವುದಿಲ್ಲ. ಕೇಳಿದರೆ ಎಳನೀರು ಮಾರುವವನ ಗತಿಯೇನು?

ಕೋವಿಯನ್ನು ಇಲ್ಲಿಗೆ ತಂದಿದ್ದೀರಾ ಎಂದೂ ಮೆಲ್ಲಗೆ ಕೇಳಿದಿರಿ. ಜಿಲ್ಲೆಯಾಚೆ ಒಯ್ಯಲು ಮಿತಿಗಳಿವೆ, ಆದರೆ ನಾನು ತರದಿರುವುದಕ್ಕೆ ಕಾರಣ ಅದಲ್ಲ. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಯಾವ ಹಂದಿಯನ್ನು ಓಡಿಸಲಿ, ಹೇಳಿ?