ಎಷ್ಟು ಏರಿಸಿದರೂ ಕೇಳಿಸದ ಬೇಸ್

ಪ್ರಶ್ನೆ: ನನ್ನ ಕೋಣೆಯ ಉದ್ದ 4.2 ಮೀಟರ್. ಮುಂದಿನ ಗೋಡೆಗೆ ಒತ್ತಿ ಎರಡು ಸ್ಪೀಕರ್, ಪ್ರತಿಯೊಂದರ ಪಕ್ಕಕ್ಕೂ ತಗ್ಗಿನ ಸ್ವರ ನುಡಿಸುವ ಒಂದೊಂದು ಸಬ್‌ವೂಫರ್ ಇವೆ. ಸೋಫಾ ಕೋಣೆಯ ನಟ್ಟನಡುವೆ. ಆಂಪ್ಲಿಫೈಯರ್‌ನ ರೂಮ್ ಕರೆಕ್ಷನ್ (ಕೋಣೆಯ ಸದ್ದನ್ನು ಮೈಕಿನಿಂದ ಅಳೆದು ತಿದ್ದುವ ಸೌಲಭ್ಯ) ಓಡಿಸಿದ ಮೇಲೂ ಬೇಸ್ ಗಿಟಾರಿನ ಅತಿ ತಗ್ಗಿನ ಸ್ವರ ಮಾಯ. ಅದರ ಮೇಲಿನ ಸ್ಥಾಯಿಯದು ಗುಂಯ್‌ಗುಡುತ್ತದೆ. 40 ಹರ್ಟ್ಸ್ ಹತ್ತಿರ 9 ಡೆಸಿಬೆಲ್ ಏರಿಸಿ ನೋಡಿದೆ, ಪ್ರಯೋಜನವಿಲ್ಲ. ಸಬ್‌ವೂಫರ್ ಬದಲಿಸಲೇ?

ಉತ್ತರ: ಖಂಡಿತ ಬೇಡ. ಮೊದಲು ಆ 9 ಡೆಸಿಬೆಲ್ ತೆಗೆಯಿರಿ. ಅಷ್ಟು ಏರಿಸಿದರೆ ಆಂಪ್ಲಿಫೈಯರ್ ಸುಮಾರು 8 ಪಟ್ಟು ಶಕ್ತಿ ಕೊಡಬೇಕಾಗುತ್ತದೆ, ಅದೂ ಕಿವಿಗೆ ತಲುಪದ ಸದ್ದಿಗೆ.

ಲೆಕ್ಕ ಸರಳವಾಗಿದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಅಂದರೆ 8.4ರಿಂದ ಭಾಗಿಸಿದರೆ 41 ಹರ್ಟ್ಸ್ ಬರುತ್ತದೆ. ನಿಮಗೆ ಕೇಳದ ಸ್ವರ ಅದೇ! ಮುಂದಿನಿಂದ ಬಂದ ಅಲೆಯನ್ನು ಹಿಂಗೋಡೆಗೆ ಬಡಿದು ಮರಳಿದ ಅಲೆ ಸರಿಯಾಗಿ ನಿಮ್ಮ ಸೋಫಾ ಇರುವಲ್ಲೇ ಅಳಿಸಿಹಾಕುತ್ತಿದೆ. ನೀವು ಏರಿಸಿದಷ್ಟೂ ಮರಳುವ ಅಲೆಯೂ ಏರುತ್ತದೆ, ಹಾಗಾಗಿ ಹಳ್ಳ ತುಂಬುವುದಿಲ್ಲ. ಇಮ್ಮಡಿ ಕಂಪನಾಂಕವಾದ 82 ಹರ್ಟ್ಸ್‌ನಲ್ಲಿ ಅದೇ ಜಾಗದಲ್ಲಿ ಎರಡೂ ಅಲೆಗಳು ಕೂಡಿಕೊಳ್ಳುತ್ತವೆ, ಗುಂಯ್‌ಗುಡುವುದು ಅದು.

ಸೋಫಾವನ್ನು ಅರ್ಧ ಮೀಟರ್ ಹಿಂದಕ್ಕೆ ಎಳೆಯಿರಿ, ಎರಡೂ ತೊಂದರೆ ಒಟ್ಟಿಗೇ ತಗ್ಗುತ್ತವೆ. ಮನೆಯವರು ಒಪ್ಪದಿದ್ದರೆ 30 ಸೆಂಟಿಮೀಟರ್ ಆದರೂ ಸರಿ.

ಆಮೇಲೆ ಸಬ್‌ವೂಫರ್‌ಗಳ ಹಿಂಬದಿಯ ಕ್ರಾಸ್‌ಓವರ್ ನಾಬ್ (ಎಷ್ಟು ಹರ್ಟ್ಸ್ ಕೆಳಗಿನ ಸ್ವರ ಸಬ್‌ವೂಫರ್‌ಗೆ ಹೋಗಬೇಕೆಂದು ಗಡಿ ಹಾಕುವುದು) ಗರಿಷ್ಠಕ್ಕೆ ತಿರುಗಿಸಿಟ್ಟು, ಆಂಪ್ಲಿಫೈಯರ್‌ನಲ್ಲಿ ಆ ಗಡಿಯನ್ನು 80 ಹರ್ಟ್ಸ್‌ಗೆ ಇಡಿ. ಇಲ್ಲದಿದ್ದರೆ ಫಿಲ್ಟರ್ ಮೇಲೆ ಫಿಲ್ಟರ್ ಆಗುತ್ತದೆ. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕಿವಿಯ ಎತ್ತರದಲ್ಲಿ, ತಲೆ ಇರುವ ಜಾಗದ ಸುತ್ತ ಆರೇಳು ಕಡೆ ಮತ್ತೆ ಅಳತೆ ತೆಗೆಯಿರಿ. ಯಂತ್ರ ತೋರಿಸುವ ಸಬ್‌ವೂಫರ್ ದೂರ ನಿಮ್ಮ ಟೇಪಿನ ಅಳತೆಗಿಂತ ಹೆಚ್ಚಿದ್ದರೆ ಗಾಬರಿಯಾಗಿ ತಿದ್ದಬೇಡಿ. ಸಬ್‌ವೂಫರ್ ಒಳಗಿನ ಸರ್ಕ್ಯೂಟಿನಿಂದಾಗುವ ತಡವನ್ನೂ ಅದು ದೂರವಾಗಿ ಲೆಕ್ಕ ಹಾಕುತ್ತದೆ. 1 ಮಿಲಿಸೆಕೆಂಡ್ ತಡವೆಂದರೆ 34 ಸೆಂಟಿಮೀಟರ್.

ಹೊಂದಾಣಿಕೆ ಸರಿಯೇ ಎಂದು ನೋಡಲು ನನಗೆ ಹಿಡಿಸುವ ಉಪಾಯವೊಂದಿದೆ. ಎರಡೂ ಸಬ್‌ವೂಫರ್‌ಗಳ ಪೊಲಾರಿಟಿ (ಅಲೆಯ ಏರಿಳಿತದ ದಿಕ್ಕು) ತಿರುಗಿಸಿ, ಸ್ಪೀಕರ್ ಜೊತೆಗೇ ಅಳೆಯಿರಿ. 80 ಹರ್ಟ್ಸ್ ಸುತ್ತ ಆಳವಾದ ಗುಂಡಿ ಬಿದ್ದರೆ ಮೊದಲಿದ್ದದ್ದೇ ಸರಿ, ಹಿಂದಿನಂತೆ ಇಡಿ. ಬದಲಿಗೆ ಸದ್ದು ಏರಿದರೆ ದೂರದ ಅಂಕಿಯನ್ನು ಸ್ವಲ್ಪಸ್ವಲ್ಪವೇ ಬದಲಿಸಿ ನೋಡಬೇಕು.

ಇಷ್ಟಾದ ಮೇಲೂ ಉಳಿದ ಉಬ್ಬುಗಳನ್ನು ಮಾತ್ರ ಕರೆಕ್ಷನ್ ಕತ್ತರಿಸಲಿ. ಮೇಲಿನ ಮಿತಿ ಹೊಂದಿಸಲು ಅವಕಾಶವಿದ್ದರೆ 300 ಹರ್ಟ್ಸ್‌ಗೆ ನಿಲ್ಲಿಸಿ. ಒಳ್ಳೆಯ ಸ್ಪೀಕರಿನ ಮೇಲ್ಸ್ವರಗಳನ್ನು ಯಂತ್ರದ ಕೈಗೆ ಕೊಡುವುದು ನನಗೆ ಇಷ್ಟವಿಲ್ಲ.