ಮೇಷ್ಟ್ರು ನಿವೃತ್ತರಾದ ಮೇಲೆ ಆ ಪಿರಿಯಡ್ ಏನಾಯಿತು?

ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದಿದ್ದಾರೆ: "ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಶಾಲೆಯೊಂದರಲ್ಲಿ ಕೌನ್ಸೆಲರ್. ಮುಂದೆ ಏನು ಓದಬೇಕು, ಯಾವ ಕೆಲಸಕ್ಕೆ ಹೋಗಬೇಕು ಅಂತ ಮಕ್ಕಳಿಗೆ ಸಲಹೆ ಕೊಡುತ್ತಾಳೆ. ಯಾವುದೋ ಅಂತಾರಾಷ್ಟ್ರೀಯ ಸಂಘಕ್ಕೆ ಸದಸ್ಯಳಾಗುತ್ತೇನೆ ಅಂತ ಹೊರಟಿದ್ದಾಳೆ. ಒಂದು ಸಮ್ಮೇಳನ, ಒಂದು ಸರ್ಟಿಫಿಕೇಟ್, ಒಂದಿಷ್ಟು ದೊಡ್ಡ ಮಾತು. ಇಷ್ಟು ಬಿಟ್ಟರೆ ಇಂಥ ಸಂಘಗಳಿಂದ ಆಗುವುದೇನು? ನಾನು ಯಾವ ಸಂಘದ ಹಂಗೂ ಇಲ್ಲದೆ ಮಕ್ಕಳಿಗೆ ದಾರಿ ತೋರಿಸಿದೆ. ಮಗುವನ್ನು ಬಲ್ಲ ಒಬ್ಬ ಮೇಷ್ಟ್ರು ಸಾಕು. ಅಂದಹಾಗೆ, ನಾನು ನಿವೃತ್ತನಾದ ಮೇಲೆ ಮಕ್ಕಳಿಗೆ ದಾರಿ ತೋರಿಸಲು ವಾರಕ್ಕೊಮ್ಮೆ ಇಟ್ಟುಕೊಂಡಿದ್ದ ನನ್ನ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಟ್ಟರಂತೆ. ಕೇಳಿ ಬೇಜಾರಾಯಿತು."

ಪ್ರಿಯ ಮೇಷ್ಟ್ರೇ,

ನಿಮ್ಮ ಮಾತಿನಲ್ಲಿ ಒಪ್ಪಬೇಕಾದದ್ದನ್ನು ಮೊದಲು ಒಪ್ಪಿಬಿಡುತ್ತೇನೆ. ಸಮ್ಮೇಳನಗಳಿಗೆ ಹೋಗಿಬರುವ ಖರ್ಚು ಶಾಲೆಯ ಸಂಬಳದಲ್ಲಿ ಏಳುವಂಥದ್ದಲ್ಲ. ಈ ಸಂಘಗಳ ವ್ಯವಹಾರವೆಲ್ಲ ನಡೆಯುವುದು ಇಂಗ್ಲಿಷ್, ಫ್ರೆಂಚ್‌ನಂಥ ಕೆಲವೇ ಭಾಷೆಗಳಲ್ಲಿ. ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿ, ಆಮೇಲೆ ಒಂದು ಪುಸ್ತಕವನ್ನೂ ತೆರೆಯದವರು ಇದ್ದಾರೆ. ಇಷ್ಟು ನಿಜ.

ಆದರೆ "ಮಗುವನ್ನು ಬಲ್ಲ ಒಬ್ಬ ಮೇಷ್ಟ್ರು ಸಾಕು" ಅಂದಿರಲ್ಲ, ಅದಕ್ಕೆ ಉತ್ತರವನ್ನು ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ನೀವಿದ್ದಷ್ಟು ದಿನ ಆ ಪಿರಿಯಡ್ ಇತ್ತು. ನೀವು ಹೋದಿರಿ, ಅದೂ ಹೋಯಿತು. ಅಲ್ಲಿ ನೀವು ಏನು ಮಾಡುತ್ತಿದ್ದಿರಿ, ಯಾಕೆ ಮಾಡುತ್ತಿದ್ದಿರಿ ಅಂತ ಮುಂದೆ ಬಂದವರಿಗೆ ತಿಳಿಸುವ ಒಂದು ಹಾಳೆ ಇರಲಿಲ್ಲ. "ಇದನ್ನು ತೆಗೆಯಬೇಡಿ" ಅಂತ ಹೆಡ್ ಮಾಸ್ತರರ ಎದುರು ನಿಂತು ಹೇಳುವವರೂ ಇರಲಿಲ್ಲ. ನಿಮ್ಮ ಕೆಲಸ ಕೆಟ್ಟದಾಗಿತ್ತು ಅಂತಲ್ಲ. ಬಹಳ ಒಳ್ಳೆಯದಾಗಿತ್ತು ಅಂತ ಪತ್ರ ಓದಿದರೇ ಗೊತ್ತಾಗುತ್ತದೆ. ಅಷ್ಟು ಒಳ್ಳೆಯ ಕೆಲಸ ಒಬ್ಬರ ನಿವೃತ್ತಿಯ ಜೊತೆಗೇ ಮುಗಿದುಹೋಯಿತಲ್ಲ ಅನ್ನುವುದೇ ನನ್ನ ಸಂಕಟ.

ಈ ವೃತ್ತಿಯ ಚರಿತ್ರೆ ಶುರುವಾಗುವುದೇ ನಿಮ್ಮಂಥ ಒಬ್ಬರಿಂದ. ಫ್ರಾಂಕ್ ಪಾರ್ಸನ್ಸ್ ಅಂತ ಅವರ ಹೆಸರು. 1908ರ ಜನವರಿಯಲ್ಲಿ ಅವರು ಅಮೆರಿಕದ ಬಾಸ್ಟನ್ನಿನಲ್ಲಿ ಒಂದು ಸಲಹಾ ಕೇಂದ್ರ ತೆರೆದರು. ಯಾವ ಕೆಲಸ ಹಿಡಿಯಬೇಕು ಅಂತ ತಿಳಿಯದ ಹುಡುಗ ಹುಡುಗಿಯರು ಅಲ್ಲಿಗೆ ಬರುತ್ತಿದ್ದರು. ಪಾರ್ಸನ್ಸರ ದಾರಿ ಸರಳ. ನಿನ್ನ ಶಕ್ತಿ, ಆಸೆ, ಮಿತಿ ಏನು ಅಂತ ಮೊದಲು ನೋಡಿಕೋ. ಆಮೇಲೆ ಒಂದೊಂದು ಕೆಲಸಕ್ಕೂ ಏನು ಬೇಕು, ಅದರಲ್ಲಿ ಏನು ಸಿಗುತ್ತದೆ ಅಂತ ತಿಳಿದುಕೋ. ಕೊನೆಗೆ ಎರಡನ್ನೂ ಜೊತೆಗಿಟ್ಟು ಯೋಚನೆ ಮಾಡು. ನೀವು ತರಗತಿಯಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ, ಅಲ್ವಾ? ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಾರ್ಸನ್ಸ್ ತೀರಿಕೊಂಡರು. ಕೇಂದ್ರಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಎಲ್ಲ ಅಲ್ಲಿಗೇ ನಿಂತುಹೋಗಬಹುದಿತ್ತು. ನಿಲ್ಲಲಿಲ್ಲ. ಅವರ ಬರಹವನ್ನು ಮರುವರ್ಷ ಅಚ್ಚು ಹಾಕಿಸಿದರು. 1910ರಲ್ಲಿ ಈ ಕೆಲಸದಲ್ಲಿ ಆಸಕ್ತಿ ಇದ್ದವರೆಲ್ಲ ಬಾಸ್ಟನ್ನಿನಲ್ಲೇ ಸಮ್ಮೇಳನ ನಡೆಸಿದರು. 1913ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ಊರಿನಲ್ಲಿ ಸೇರಿ ಒಂದು ರಾಷ್ಟ್ರೀಯ ಸಂಘ ಕಟ್ಟಿದರು. ಹೆಸರು ಬದಲಾಗಿದೆ, ಆದರೆ ಆ ಸಂಘ ಇವತ್ತಿಗೂ ಇದೆ. ನೀವು ಮೂಗು ಮುರಿಯುವ ಸಮ್ಮೇಳನಗಳೇ ಪಾರ್ಸನ್ಸರ ಕೆಲಸವನ್ನು ಉಳಿಸಿದವು.

ನಿಮ್ಮ ವಿದ್ಯಾರ್ಥಿನಿ ಸೇರಲು ಹೊರಟಿರುವುದು ಬಹುಶಃ ಐಎಇವಿಜಿಗೆ, ಅಂದರೆ ಶಿಕ್ಷಣ ಮತ್ತು ವೃತ್ತಿ ಮಾರ್ಗದರ್ಶನದ ಅಂತಾರಾಷ್ಟ್ರೀಯ ಸಂಘಕ್ಕೆ. ಅದು ಹುಟ್ಟಿದ್ದು 1951ರಲ್ಲಿ, ಪ್ಯಾರಿಸ್‌ನಲ್ಲಿ. ಆ ಕಾಲವನ್ನು ಸ್ವಲ್ಪ ನೆನೆಸಿಕೊಳ್ಳಿ. ಮಹಾಯುದ್ಧ ಮುಗಿದು ಆರೇ ವರ್ಷ. ಮುರಿದುಬಿದ್ದ ದೇಶಗಳನ್ನು ಮತ್ತೆ ಕಟ್ಟಬೇಕು, ಎಲ್ಲೆಲ್ಲೂ ಆಳು ಬೇಕು. "ದೇಶಕ್ಕೆ ಗಣಿ ಕೆಲಸಗಾರರು ಬೇಕು, ನೀನು ಗಣಿಗೆ ಹೋಗು" ಅಂತ ಹುಡುಗರನ್ನು ತಳ್ಳಿಬಿಡುವುದು ಸರ್ಕಾರಗಳಿಗೆ ಬಹಳ ಸುಲಭ. ಅಂಥ ಹೊತ್ತಿನಲ್ಲಿ, 1949ರಲ್ಲಿ, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ 87ನೇ ಶಿಫಾರಸಿನಲ್ಲಿ ಸ್ಪಷ್ಟವಾಗಿ ಹೇಳಿತು: ವೃತ್ತಿ ಮಾರ್ಗದರ್ಶನಕ್ಕೆ ಆಧಾರ ಆ ವ್ಯಕ್ತಿ ಸ್ವಂತ ಇಚ್ಛೆಯಿಂದ ಮಾಡಿದ ಆಯ್ಕೆ. ದೇಶದ ಅಗತ್ಯವನ್ನೂ ಗಮನಿಸಬೇಕು, ಆದರೆ ಮೊದಲ ಗುರಿ ಆ ವ್ಯಕ್ತಿಯ ಬೆಳವಣಿಗೆ, ಕೆಲಸದಲ್ಲಿ ಅವನಿಗೆ ಸಿಗುವ ತೃಪ್ತಿ. ಈ ಮಾತನ್ನು ಕಾಗದದ ಮೇಲೆ ಬಿಟ್ಟರೆ ಯಾರು ಕಾಯುತ್ತಾರೆ? ದಿನವೂ ಮಕ್ಕಳ ಎದುರು ಕೂರುವವರೇ ಒಂದಾಗಿ ಕಾಯಬೇಕು. ಇಂಥ ಸಂಘ ಬೇಕಾದದ್ದು ಅದಕ್ಕೆ.

ಸಂಘದ ಸರ್ಟಿಫಿಕೇಟ್ ಬಗ್ಗೆ ಕೇಳಿದ್ದೀರಿ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಸಂಘದ ನೀತಿ ಸಂಹಿತೆ. 1995ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅದನ್ನು ಒಪ್ಪಿಕೊಂಡರು, 2017ರಲ್ಲಿ ತಿದ್ದಿ ಬರೆದರು. ಮಗು ಹೇಳಿದ ಗುಟ್ಟು ಗುಟ್ಟಾಗಿರಬೇಕು. ಆಸಕ್ತಿ, ಸಾಮರ್ಥ್ಯ ಅಳೆಯುವ ಪರೀಕ್ಷೆ ಕೊಟ್ಟರೆ ಯಾಕೆ ಕೊಟ್ಟೆ, ಉತ್ತರದಿಂದ ಏನು ತಿಳಿಯಿತು ಅಂತ ಮಗುವಿಗೆ ಅರ್ಥವಾಗುವ ಹಾಗೆ ಹೇಳಬೇಕು. ತನ್ನ ಕೈಯಲ್ಲಿ ಆಗದ ವಿಷಯವಾದರೆ ಬಲ್ಲವರ ಹತ್ತಿರ ಕಳಿಸಬೇಕು. 2003ರಲ್ಲಿ ಇದೇ ಸಂಘ ಸಲಹೆಗಾರರಿಗೆ ಯಾವ ಯಾವ ಸಾಮರ್ಥ್ಯ ಇರಬೇಕು ಅಂತ ಪಟ್ಟಿ ಮಾಡಿತು. ಎಲ್ಲರಿಗೂ ಬೇಕಾದವು 11, ವಿಶೇಷ ಕೆಲಸಗಳಿಗೆ ಬೇಕಾದವು 10. ಪಟ್ಟಿ ಶುರುವಾಗುವುದೇ ನೀತಿಯಿಂದ. ಮಗುವಿನ ಸಂಸ್ಕೃತಿ ತನ್ನದಕ್ಕಿಂತ ಬೇರೆ ಇರಬಹುದು ಅನ್ನುವ ಅರಿವೂ ಅದರಲ್ಲಿ ಇದೆ.

ಇದೆಲ್ಲ ಯಾರಿಗೂ ಗೊತ್ತಿರುವ ಒಳ್ಳೆಯ ಮಾತು ಅಂತೀರಾ? ಹಾಗಾದರೆ ಇದನ್ನು ಕೇಳಿ.

ಹೊರದೇಶದಲ್ಲಿ ಓದಲು ಹೋಗುವವರಿಗಾಗಿ ನಡೆದ ಒಂದು ಶಿಕ್ಷಣ ಮೇಳಕ್ಕೆ ಹೋಗಿದ್ದೆ. ಒಬ್ಬ ಹುಡುಗ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಸಲಹೆಗಾರರ ಎದುರು ಕೂತಿದ್ದ. ಅವನಿಗೆ ಗಿಡಮರಗಳ ಬಗ್ಗೆ ಓದುವ ಆಸೆ. ಸಲಹೆಗಾರರು ಲ್ಯಾಮಿನೇಟ್ ಮಾಡಿದ ಒಂದು ಹಾಳೆಯನ್ನು ಅವನ ಕಡೆ ತಿರುಗಿಸಿದರು. ಅದರಲ್ಲಿ ಕಾಲೇಜುಗಳ ಹೆಸರು, ಕೆಲವು ಹೆಸರುಗಳ ಪಕ್ಕದಲ್ಲಿ ಸಣ್ಣ ನಕ್ಷತ್ರ. ಬೆರಳು ಹೋದದ್ದೆಲ್ಲ ನಕ್ಷತ್ರ ಇದ್ದ ಹೆಸರುಗಳ ಮೇಲೆ. ಹುಡುಗ ಎದ್ದುಹೋದ ಮೇಲೆ ನಕ್ಷತ್ರ ಯಾಕೆ ಅಂತ ಕೇಳಿದೆ. "ಅವು ನಮ್ಮ ಪಾರ್ಟ್‌ನರ್ ಕಾಲೇಜು ಸಾರ್" ಅಂದರು. ಸೇರಿದ ಒಬ್ಬೊಬ್ಬ ವಿದ್ಯಾರ್ಥಿಗೂ ಆ ಕಾಲೇಜು ಇವರಿಗೆ ಕಮಿಷನ್ ಕೊಡುತ್ತದೆ. ಹುಡುಗನ ಕೈಗೆ ಬಂದದ್ದು ಮ್ಯಾನೇಜ್‌ಮೆಂಟ್ ಕೋರ್ಸಿನ ಬ್ರೋಷರ್. ಕಮಿಷನ್ ವಿಷಯವನ್ನು ಅವನಿಗೆ ಯಾರೂ ಹೇಳಲಿಲ್ಲ. ಆ ಸಲಹೆಗಾರರು ಕೆಟ್ಟವರೇನಲ್ಲ. ಅವನಿಗೆ ಕುಡಿಯಲು ನೀರು ಕೊಟ್ಟು, ಪ್ರೀತಿಯಿಂದಲೇ ಮಾತಾಡಿಸಿದರು. ಅವರು ತಪ್ಪಿದರೆ ಕೇಳುವವರು ಇರಲಿಲ್ಲ, ಅಷ್ಟೇ.

ಈ ಕಮಿಷನ್ನಿನ ಮೇಲೆ ದೊಡ್ಡ ಜಗಳ ನಡೆದದ್ದು ಒಂದು ವೃತ್ತಿಪರ ಸಂಘದ ಒಳಗೆ. ಅಮೆರಿಕದಲ್ಲಿ ಕಾಲೇಜು ಪ್ರವೇಶ ಸಲಹೆಗಾರರ ಸಂಘವೊಂದಿದೆ, ಎನ್‌ಎಸಿಎಸಿ ಅಂತ. 1937ರಲ್ಲಿ ಹುಟ್ಟಿದ್ದು. ಶಾಲೆಯ ಸಲಹೆಗಾರರೂ ಕಾಲೇಜಿನ ಪ್ರವೇಶಾಧಿಕಾರಿಗಳೂ ಅದರಲ್ಲಿ ಒಟ್ಟಿಗೆ ಕೂರುತ್ತಾರೆ. ತಲೆಗಿಷ್ಟು ಅಂತ ಕಮಿಷನ್ ಕೊಟ್ಟು ವಿದ್ಯಾರ್ಥಿಗಳನ್ನು ತರಿಸಬಾರದು ಅನ್ನುವುದು ಅದರ ನಿಯಮವಾಗಿತ್ತು. ಹೊರದೇಶದ ವಿದ್ಯಾರ್ಥಿಗಳ ವಿಷಯದಲ್ಲೂ ಹಾಗೇನಾ ಅಂತ ಬಹಳ ವಾದವಾಯಿತು. 2013ರಲ್ಲಿ ನಿಯಮ ಸಡಿಲವಾಯಿತು. ಏಜೆಂಟರನ್ನು ಇಟ್ಟುಕೊಳ್ಳಬಹುದು, ಆದರೆ ವ್ಯವಹಾರ ಪಾರದರ್ಶಕವಾಗಿರಬೇಕು ಅಂದರು. ನನಗೆ ಇದು ಹಿಂದೆ ಸರಿದ ಹಾಗೆಯೇ ಕಂಡಿತು. 2019ರಲ್ಲಿ ಮತ್ತೊಂದು ಪೆಟ್ಟು. ಆ ದೇಶದ ನ್ಯಾಯ ಇಲಾಖೆ ಸಂಘದ ಕೆಲವು ನಿಯಮಗಳಿಂದ ಸ್ಪರ್ಧೆಗೆ ಅಡ್ಡಿಯಾಗುತ್ತದೆ ಅಂತ ಆಕ್ಷೇಪ ಎತ್ತಿತು. ಮೇ 1ರೊಳಗೆ ಒಂದು ಕಾಲೇಜನ್ನು ಆರಿಸಿಕೊಂಡ ವಿದ್ಯಾರ್ಥಿಯನ್ನು ಇನ್ನೊಂದು ಕಾಲೇಜು ಆಮೇಲೆ ಆಸೆ ತೋರಿಸಿ ಎಳೆದುಕೊಳ್ಳಬಾರದು ಅನ್ನುವುದು ಅಂಥ ಒಂದು ನಿಯಮ. ಸದಸ್ಯರು ಮತ ಹಾಕಿ ಅದನ್ನು ತೆಗೆಯಬೇಕಾಯಿತು.

ನೋಡಿ, ಸಂಘಗಳಿಗೂ ಕೈ ಕಟ್ಟಿರುತ್ತದೆ ಅಂತ ನೀವು ಹೇಳಬಹುದು. ಹೌದು. ಆದರೆ ಹುಡುಗನ ಹಿತ ಮೊದಲೋ ಕಾಲೇಜಿನ ದುಡ್ಡು ಮೊದಲೋ ಅನ್ನುವ ಪ್ರಶ್ನೆಯನ್ನು ಎಲ್ಲರ ಎದುರು ವರ್ಷಗಟ್ಟಲೆ ಎಳೆದಾಡಿದ್ದು ಆ ಸಂಘ. ಸಂಘವೇ ಇಲ್ಲದ ಕಡೆ ಆ ಪ್ರಶ್ನೆ ಮೇಜಿನ ಮೇಲೆ ಬರುವುದೇ ಇಲ್ಲ.

ಇನ್ನು ಪರೀಕ್ಷೆಗಳ ವಿಷಯ. ಆಸಕ್ತಿ ಅಳೆಯುವ ಪ್ರಶ್ನಾವಳಿಗಳನ್ನು ನೀವೂ ನೋಡಿರುತ್ತೀರಿ. ಪರಿಚಯದ ಶಿಕ್ಷಕಿಯೊಬ್ಬರು ಅಂಥದ್ದೊಂದರ ಅನುವಾದವನ್ನು ನನಗೆ ತೋರಿಸಿದರು. ಹಾಯಿದೋಣಿ ಕ್ಲಬ್ ನಡೆಸುವುದು ನಿಮಗೆ ಇಷ್ಟವೇ ಅಂತ ಒಂದು ಪ್ರಶ್ನೆ. ದೋಣಿಯನ್ನೇ ಕಾಣದ ಹುಡುಗಿ "ಇಲ್ಲ" ಅಂತ ಗುರುತು ಹಾಕಿದ್ದಳು. ಇಂಥವೇ ನಾಲ್ಕಾರು "ಇಲ್ಲ" ಸೇರಿ, ಇವಳಿಗೆ ಮುಂದಾಳತ್ವದಲ್ಲಿ ಆಸಕ್ತಿ ಕಡಿಮೆ ಅಂತ ವರದಿ ಬಂತು. ಶಾಲೆಯ ಆಟದ ತಂಡವನ್ನು ಮುಂದೆ ನಿಂತು ನಡೆಸುತ್ತಿದ್ದವಳು ಅವಳೇ! ಪದ ಬದಲಾಯಿಸಿದರೆ ಸಾಲದು, ಹೊಸ ಜನರ ನಡುವೆ ಆ ಪರೀಕ್ಷೆ ಅಳೆಯಬೇಕಾದ್ದನ್ನೇ ಅಳೆಯುತ್ತದೆಯೇ ಅಂತ ಪುರಾವೆ ಬೇಕು ಎಂದು ಅಂತಾರಾಷ್ಟ್ರೀಯ ಪರೀಕ್ಷಾ ಆಯೋಗ ಮಾರ್ಗಸೂಚಿಯನ್ನೇ ಬರೆದಿದೆ. ಅದರ ಎರಡನೇ ಆವೃತ್ತಿ 2017ರದು. ಆ ಪ್ರಶ್ನಾವಳಿ ಮಾರುವವರನ್ನು "ಪುರಾವೆ ಎಲ್ಲಿ?" ಅಂತ ಕೇಳುವ ಧೈರ್ಯ ಒಬ್ಬಂಟಿ ಶಿಕ್ಷಕಿಗೆ ಎಲ್ಲಿಂದ ಬರಬೇಕು? ಕೈಯಲ್ಲಿ ಆ ಮಾರ್ಗಸೂಚಿ ಇದ್ದರೆ ಬರುತ್ತದೆ.

ಇದನ್ನು ಬರೆಯುವಾಗ ನನಗೆ ಸಿಟ್ಟೂ ಬರುತ್ತಿದೆ, ಮೇಷ್ಟ್ರೇ. ಬೆರಳಚ್ಚು ತೆಗೆದುಕೊಂಡು "ನಿಮ್ಮ ಮಗುವಿಗೆ ಯಾವ ಕೋರ್ಸ್ ಸರಿ" ಅಂತ ಹೇಳುವವರು ಇದ್ದಾರೆ. ಅದಕ್ಕೆ ಎಳ್ಳಷ್ಟೂ ವೈಜ್ಞಾನಿಕ ಆಧಾರವಿಲ್ಲ. ಬಣ್ಣಬಣ್ಣದ ಚಾರ್ಟ್ ಇರುವ ದಪ್ಪ ವರದಿ ನೋಡಿ ತಂದೆತಾಯಿ ನಂಬಿಬಿಡುತ್ತಾರೆ. ಹಲ್ಲು ಕೀಳಬೇಕಾದರೂ ಓದಿರಬೇಕು, ಲೈಸೆನ್ಸ್ ಇರಬೇಕು. ಒಂದು ಮಗುವಿನ ಮುಂದಿನ ಬದುಕಿನ ಬಗ್ಗೆ ಸಲಹೆ ಕೊಡುವುದಕ್ಕೆ ಬಹಳ ಕಡೆ ಬೋರ್ಡ್ ಒಂದಿದ್ದರೆ ಸಾಕು.

ಸರ್ಕಾರಗಳೂ ಈ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡಿಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) 14 ದೇಶಗಳ ಮಾರ್ಗದರ್ಶನ ವ್ಯವಸ್ಥೆಯನ್ನು ಪರಿಶೀಲಿಸಿ 2004ರಲ್ಲಿ ವರದಿ ಕೊಟ್ಟಿತು. ಶಾಲೆಯಲ್ಲಿ ಒಬ್ಬರೇ ಮಕ್ಕಳ ಮನಸ್ಸಿನ ಕಷ್ಟವನ್ನೂ ವೃತ್ತಿಯ ಸಲಹೆಯನ್ನೂ ನೋಡಿಕೊಳ್ಳಬೇಕಾದ ಕಡೆ, ವೃತ್ತಿಯ ಸಲಹೆ ಮೂಲೆಗೆ ಹೋಗುತ್ತದೆ ಅಂತ ಅದು ಗುರುತಿಸಿತು. ಅಳುತ್ತಾ ಬಂದ ಮಗುವನ್ನು ನಾಳೆ ಬಾ ಅನ್ನಲು ಆಗುವುದಿಲ್ಲ. ಮುಂದೆ ಏನು ಓದಲಿ ಅಂತ ಕೇಳುವವನನ್ನು ನಾಳೆ ಬಾ ಅನ್ನಬಹುದು. ಆ ನಾಳೆ ಬರುವುದೇ ಇಲ್ಲ. ಅನುಕೂಲಸ್ಥರ ಮಕ್ಕಳು ದುಡ್ಡು ಕೊಟ್ಟು ಹೊರಗೆ ಸಲಹೆ ಪಡೆಯುತ್ತಾರೆ. ಉಳಿದವರು ಪಕ್ಕದ ಬೆಂಚಿನವನು ಸೇರಿದ ಕೋರ್ಸಿಗೇ ಸೇರುತ್ತಾರೆ. 2013ರಲ್ಲಿ ಫ್ರಾನ್ಸಿನ ಮಾಂಟ್‌ಪೆಲಿಯರ್‌ನಲ್ಲಿ ಐಎಇವಿಜಿ ಸಾಮಾಜಿಕ ನ್ಯಾಯದ ಬಗ್ಗೆ ಹೇಳಿಕೆ ಹೊರಡಿಸಿದ್ದು ಸುಮ್ನೆ ಅಲ್ಲ.

ಕೊನೆಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀವು ಮಗುವನ್ನು ಬಲ್ಲಿರಿ, ನಿಜ. ಮಗು ಹೋಗಬೇಕಾದ ಲೋಕವನ್ನು ಅಷ್ಟೇ ಬಲ್ಲಿರಾ? ಒಬ್ಬ ಹುಡುಗಿ ಎಂಜಿನಿಯರಿಂಗ್ ಓದಿ ಇನ್ನೊಂದು ದೇಶದಲ್ಲಿ ಕೆಲಸ ಮಾಡಬೇಕು ಅಂದರೆ ಅವಳ ಪದವಿ ಅಲ್ಲಿ ನಡೆಯುತ್ತದೆಯೇ? 1989ರ ವಾಷಿಂಗ್ಟನ್ ಒಪ್ಪಂದಕ್ಕೆ ಸೇರಿದ ದೇಶಗಳು ಒಬ್ಬರು ಮಾನ್ಯ ಮಾಡಿದ ಎಂಜಿನಿಯರಿಂಗ್ ಕೋರ್ಸನ್ನು ಇನ್ನೊಬ್ಬರು ಒಪ್ಪುತ್ತಾರೆ. ಆದರೆ ಕಾಲೇಜಿನಲ್ಲಿರುವ ಎಲ್ಲ ಕೋರ್ಸಿಗೂ ಆ ಮಾನ್ಯತೆ ಇರುವುದಿಲ್ಲ. ಇದನ್ನೆಲ್ಲ ಒಬ್ಬ ಮೇಷ್ಟ್ರು ತಲೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ಇಟ್ಟುಕೊಳ್ಳಬೇಕಾಗಿಯೂ ಇಲ್ಲ. ಇನ್ನೊಂದು ದೇಶದಲ್ಲಿ ಇದೇ ಕೆಲಸ ಮಾಡುವ ಒಬ್ಬರಿಗೆ ಬರೆದು ಕೇಳುವ ದಾರಿ ಇದ್ದರೆ ಸಾಕು.

ನಿಮ್ಮ ವಿದ್ಯಾರ್ಥಿನಿಗೆ ಅಡ್ಡ ಹೋಗಬೇಡಿ. ಸದಸ್ಯತ್ವದ ಹಣ ಕಟ್ಟುವ ಮೊದಲು ಆ ನೀತಿ ಸಂಹಿತೆಯನ್ನು ಓದಲಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅದರ ಸಾರಾಂಶವನ್ನು ಮಕ್ಕಳಿಗೂ ತಂದೆತಾಯಿಗೂ ಅರ್ಥವಾಗುವ ಕನ್ನಡದಲ್ಲಿ ಒಂದು ಪುಟದಷ್ಟು ಬರೆದು ತನ್ನ ಕೋಣೆಯ ಬಾಗಿಲಿಗೆ ಅಂಟಿಸಲಿ. ನೀವು ಅವಳ ಪಕ್ಕ ಕೂತು ತಿದ್ದಿಕೊಡಿ. ನಿಮ್ಮ ಪಿರಿಯಡ್ಡಿನಲ್ಲಿ ಏನೇನು ಮಾಡಿಸುತ್ತಿದ್ದಿರಿ ಅನ್ನುವುದನ್ನೂ ಬರೆದು ಅವಳ ಕೈಗೆ ಕೊಡಿ. ಎರಡನ್ನೂ ನಮಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ