ದಾರಿ ಬದಿಯ ಬೋರ್ಡು ಸುಮ್ನೆ ನಿಂತಿರಲ್ಲ

ಪ್ರಶ್ನೆ: ವಿದೇಶದಲ್ಲೆಲ್ಲೋ ಹೆದ್ದಾರಿ ಮೇಲೆಯೇ ವಿಮಾನ ಇಳಿಸುತ್ತಾರೆ, ಅದಕ್ಕೆ ಬೋರ್ಡೂ ಹಾಕಿರುತ್ತಾರೆ ಅಂತ ಗೆಳೆಯರು ಹೇಳಿದರು. ನಂಬಬಹುದೇ? ನೀವು ಕಂಡ ಇಂಥ ಬೋರ್ಡುಗಳ ಬಗ್ಗೆ ಹೇಳಿ.

ಉತ್ತರ: ಧಾರಾಳವಾಗಿ ನಂಬಿ. ಆಸ್ಟ್ರೇಲಿಯದ ಏರ್ ಹೆದ್ದಾರಿಯಲ್ಲಿ ನಾನೇ ನೋಡಿದ್ದೇನೆ. ಹೆಸರಿಗೂ ವಿಮಾನಕ್ಕೂ ಸಂಬಂಧವಿಲ್ಲ. 1841ರಲ್ಲಿ ಆ ಕಡೆಯ ಒಣನೆಲ ದಾಟಿದ ಎಡ್ವರ್ಡ್ ಜಾನ್ ಏರ್ ಹೆಸರನ್ನು ರಸ್ತೆಗೆ ಇಟ್ಟಿದ್ದಾರೆ. ಪಶ್ಚಿಮದ ನಾರ್ಸ್‌ಮನ್‌ನಿಂದ ಪೂರ್ವದ ಪೋರ್ಟ್ ಆಗಸ್ಟಾವರೆಗೆ 1,600 ಕಿಲೋಮೀಟರಿಗೂ ಜಾಸ್ತಿ ದೂರ. ನಡುವೆ ಊರು ಅನ್ನುವಂಥದ್ದು ಸಿಗುವುದೇ ಅಪರೂಪ.

ಪಶ್ಚಿಮದಿಂದ ಹೊರಟರೆ ಬಲ್ಲಡೋನಿಯಾ ದಾಟಿದ ಮೇಲೆ ಒಂದು ಬೋರ್ಡ್ ಬರುತ್ತದೆ. ಮುಂದೆ 146.6 ಕಿಲೋಮೀಟರ್ ನೇರ ರಸ್ತೆ ಅಂತ. ಒಂದೇ ಒಂದು ತಿರುವಿಲ್ಲ! ತಿರುವಿಗೆ ಎಚ್ಚರಿಕೆ ಹಾಕುವುದನ್ನು ಕಂಡಿದ್ದೇವೆ, ತಿರುವಿಲ್ಲದ್ದಕ್ಕೂ ಹಾಕುತ್ತಾರಾ ಅನ್ನಿಸುತ್ತದೆ. ಅರ್ಧ ದಾರಿ ಓಡಿಸಿದಾಗ ಅರ್ಥವಾಗುತ್ತದೆ. ಅಲ್ಲಿ ನಿದ್ದೆಯೇ ದೊಡ್ಡ ಶತ್ರು.

ಇದೇ ಹೆದ್ದಾರಿಯಲ್ಲಿ ವಿಮಾನದ ಬೋರ್ಡ್ ಇದೆ. ಫ್ಲೈಯಿಂಗ್ ಡಾಕ್ಟರ್ ಸರ್ವಿಸ್‌ನ ತುರ್ತು ರನ್‌ವೇ. ಅಲ್ಲಿ ಟಾರಿನ ಮೇಲೆ ರನ್‌ವೇಗಳಲ್ಲಿ ಇರುವಂಥ ದಪ್ಪ ಬಿಳಿ ಪಟ್ಟೆ ಬಳಿದಿದ್ದಾರೆ. ಅಪಘಾತವಾದರೆ ಹತ್ತಿರದಲ್ಲಿ ಆಸ್ಪತ್ರೆಯಿಲ್ಲ, ಆದ್ದರಿಂದ ವೈದ್ಯರೇ ಹಾರಿ ಬರಬೇಕು. ಈ ಸೇವೆಯ ಮೊದಲ ವಿಮಾನ 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕ್ಲಾನ್‌ಕರಿ ಊರಿನಿಂದ ಹಾರಿತು. ಆ ಪಟ್ಟೆಗಳ ಮೇಲೆ ಗಾಡಿ ಓಡಿಸುವಾಗ ನನಗೆ ಮನಸ್ಸು ತುಂಬಿ ಬಂತು. ಯಾರದೋ ಜೀವಕ್ಕಾಗಿ ರಸ್ತೆಯೊಂದು ಇಷ್ಟು ಸಿದ್ಧವಾಗಿ ಕಾಯುತ್ತದೆ, ನೋಡಿ.

ನೇರ ರಸ್ತೆ ಮುಗಿಯುವ ಕಡೆ ಕೈಗುನಾ. ಅಲ್ಲಿಯ ಬೋರ್ಡು ಗಡಿಯಾರವನ್ನು 45 ನಿಮಿಷ ಮುಂದಕ್ಕೆ ಇಡಿ ಅನ್ನುತ್ತದೆ. ಅಲ್ಲಿಂದ ರಾಜ್ಯದ ಗಡಿವರೆಗಿನ ಬೆರಳೆಣಿಕೆಯ ಜನ ಎರಡು ರಾಜ್ಯಗಳ ಸಮಯದ ನಡುವೆ ತಮ್ಮದೇ ಸಮಯ ಇಟ್ಟುಕೊಂಡಿದ್ದಾರೆ. ಗಡಿ ದಾಟಿದ ಮೇಲೆ ಹಳದಿ ಬೋರ್ಡಿನಲ್ಲಿ ಒಂಟೆ, ವೊಂಬ್ಯಾಟ್ (ಬಿಲ ತೋಡುವ ಗಿಡ್ಡ ಕಾಲಿನ ಪ್ರಾಣಿ), ಕಾಂಗರೂ ಮೂರೂ ಒಟ್ಟಿಗೆ ಸಿಗುತ್ತವೆ. ಒಂಟೆ ಅಲ್ಲಿಯದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಸಾಮಾನು ಹೊರಲು ಹೊರಗಿನಿಂದ ತಂದರು. ಲಾರಿಗಳು ಬಂದ ಮೇಲೆ ಬಿಟ್ಟುಬಿಟ್ಟರು, ಅವು ಕಾಡು ಸೇರಿ ಬೆಳೆದವು. ಪ್ರವಾಸಿಗರು ಆ ಬೋರ್ಡಿನ ಕೆಳಗೆ ನಿಂತು ನಗುತ್ತಾ ಫೋಟೊ ತೆಗೆಸಿಕೊಳ್ಳುತ್ತಾರೆ. ನಗಲಿ, ಆದರೆ ಕತ್ತಲಾಗುವ ಹೊತ್ತಿಗೆ ಅದನ್ನು ಮರೆಯಬಾರದು. ಕಾಂಗರೂಗಳು ಜಾಸ್ತಿ ಓಡಾಡುವುದೇ ಮುಸ್ಸಂಜೆ ಮತ್ತು ನಸುಕಿನಲ್ಲಿ.

ಪ್ರಶ್ನೆ: ತಮಾಷೆ ಬೋರ್ಡ್ ಓದುತ್ತಾ ಕೂತರೆ ಓಡಿಸುವವರ ಗಮನ ತಪ್ಪುವುದಿಲ್ಲವೇ?

ಉತ್ತರ: ಎಲ್ಲಿ ನೆಟ್ಟಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಲಡಾಖ್‌ನ ಗಡಿ ರಸ್ತೆ ಸಂಸ್ಥೆಯ ಪ್ರಾಸದ ಬೋರ್ಡುಗಳು ನನಗೆ ತುಂಬಾ ಇಷ್ಟ. ಕಡಿದಾದ ತಿರುವಲ್ಲಿ ಗಾಡಿ ಹೇಗೂ ನಿಧಾನ, ಬರಹವೂ ಒಂದೆರಡು ಸಾಲು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಮಾತ್ರ ಲೆಕ್ಕ ಬೇರೆ. ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗಿರುತ್ತೀರಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಆಯಾ ವರ್ಷ ರಸ್ತೆಯಲ್ಲಿ ಸತ್ತವರ ಸಂಖ್ಯೆಯನ್ನು ಬೋರ್ಡುಗಳಲ್ಲಿ ತೋರಿಸುತ್ತಿದ್ದರು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. ಆ ಸಂಖ್ಯೆ ತೋರಿಸಿದಾಗ, ಬೋರ್ಡ್ ದಾಟಿದ ಮೇಲಿನ 10 ಕಿಲೋಮೀಟರಿನಲ್ಲಿ ಅಪಘಾತ 4.5 ಶೇಕಡ ಹೆಚ್ಚಾಗಿತ್ತು! ಒಳ್ಳೆ ಉದ್ದೇಶ ಇದ್ದರೆ ಸಾಲದು, ಅಲ್ವಾ? 2023ರ ಕೊನೆಯಲ್ಲಿ ಬಂದ ಅಮೆರಿಕದ ಹೊಸ ನಿಯಮಪುಸ್ತಕ, ಹೆದ್ದಾರಿಯ ಎಲೆಕ್ಟ್ರಾನಿಕ್ ಬೋರ್ಡುಗಳಲ್ಲಿ ಜೋಕು, ಒಗಟಿನಂಥ ಮಾತು ಬೇಡ ಅಂದಿದೆ. ನನಗೆ ಅದು ಸರಿ ಅನ್ನಿಸುತ್ತದೆ.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದವರ ದಾರಿಯೇ ಬೇರೆ. ಬೇಸರ ಹಿಡಿಸುವ ಉದ್ದ ರಸ್ತೆಗಳಲ್ಲಿ ರಸಪ್ರಶ್ನೆ ಬೋರ್ಡ್ ಹಾಕಿದ್ದಾರೆ. ಈ ರಾಜ್ಯದ ಅತಿ ಎತ್ತರದ ಬೆಟ್ಟ ಯಾವುದು ಎಂಬಂಥ ಪ್ರಶ್ನೆ ಒಂದು ಕಡೆ. ಬಾರ್ಟಲ್ ಫ್ರಿಯರ್ ಅನ್ನುವ ಉತ್ತರ ಇನ್ನೂ ಮುಂದೆ. ನಡುವೆ ಗಾಡಿಯಲ್ಲಿದ್ದವರೆಲ್ಲ ಮಾತಿಗಿಳಿಯುತ್ತಾರೆ, ಓಡಿಸುವವರ ಮಂಪರು ಹರಿಯುತ್ತದೆ. ಎಷ್ಟು ಜಾಣ ಉಪಾಯ!

ಪ್ರಶ್ನೆ: ಇಂಥ ಬೋರ್ಡುಗಳನ್ನು ಕಿತ್ತುಕೊಂಡು ಹೋಗುವವರೂ ಇದ್ದಾರಂತೆ?

ಉತ್ತರ: ಇದ್ದಾರೆ. ಅಮೆರಿಕದ ಕೊಲೊರಾಡೊದಲ್ಲಿ 420ನೇ ಮೈಲಿಯ ಬೋರ್ಡು ಪದೇಪದೇ ಕಳುವಾಗುತ್ತಿತ್ತು. ಆ ಸಂಖ್ಯೆ ಅಲ್ಲಿ ಗಾಂಜಾದ ಗುರುತು. ಬೇಸತ್ತ ಅಧಿಕಾರಿಗಳು 2014ರಲ್ಲಿ ಅಲ್ಲಿ 419.99 ಅಂತ ಬರೆಸಿದರು. ನಗು ಬರುತ್ತದೆ ನಿಜ. ಆದರೆ ರಾತ್ರಿ ಗಾಡಿ ಕೆಟ್ಟಾಗ ನಾವು ಎಲ್ಲಿದ್ದೇವೆ ಅಂತ ಫೋನಿನಲ್ಲಿ ಹೇಳಲು ಆ ಮೈಲಿ ಸಂಖ್ಯೆಯೇ ಬೇಕು. ಇಷ್ಟವಾದರೆ ಫೋಟೊ ತೆಗೆಯಿರಿ. ತೆಗೆಯುವ ಮುಂಚೆ ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ.